ಎಡ ಮುಂಚಕ್ರದ ಕರಿಮಣಿ

ಸಾವಿರದ ಒಂಬೈನೂರ ಎಪ್ಪತ್ನಾಲ್ಕನೇ ಇಸವಿ ಜೂನ್ ತಿಂಗಳ ಹನ್ನೊಂದನೇ ತಾರೀಖು ಮಂಗಳವಾರ, ಮಂಡ್ಯ ಜಿಲ್ಲಾ ಬೆಲ್ಲದಚ್ಚು ತಪಾಸಣಾಧಿಕಾರಿಗಳ ಕಚೇರಿಗೆ ಸೇರಿದ ಸರ್ಕಾರಿ ಕಾರಿನ ಎಡ ಮುಂಚಕ್ರದಿಂದ ಸುಮಾರು ನಲವತ್ತು ಗ್ರಾಂ ತೂಕದ ಸೀಸದ ತುಂಡೊಂದು ಮದ್ದೂರಿಗೂ ಮಳವಳ್ಳಿಗೂ ನಡುವೆ ಎಲ್ಲಿಯೋ ಕಳಚಿ ಬಿದ್ದಿತು. ಈ ಸಂಗತಿ ಕಡತದ ಮೊದಲನೆಯ ಪುಟದಲ್ಲಿ ದಾಖಲಾಗಿದೆ. ಆ ಪುಟವನ್ನು ಬರೆದವನು ನಾನು. ಅಕ್ಷರ ದುಂಡಾಗಿದೆ ಎಂದು ನೋಡಿದವರೆಲ್ಲ ಹೇಳಿದ್ದಾರೆ.

ನಮ್ಮ ಕಚೇರಿಯ ಕೆಲಸ ಏನೆಂದು ಕೆಲವರು ಕೇಳುತ್ತಾರೆ. ಜಿಲ್ಲೆಯ ಆಲೆಮನೆಗಳಿಗೆ ಹೋಗಿ, ಬೆಲ್ಲ ಹೊಯ್ಯುವ ಮರದ ಅಚ್ಚುಗಳ ಉದ್ದಗಲ ಅಳೆದು, ಪುಸ್ತಕದಲ್ಲಿ ಬರೆದುಕೊಂಡು ಬರುವುದು. ಅಚ್ಚು ದೊಡ್ಡದಾಗಿದ್ದರೆ ಏನು ಮಾಡಬೇಕು, ಚಿಕ್ಕದಾಗಿದ್ದರೆ ಏನು ಮಾಡಬೇಕು ಎಂಬುದಕ್ಕೆ ನಿಯಮಗಳು ಇನ್ನೂ ಬಂದಿರಲಿಲ್ಲ. ಬರುವವರೆಗೆ ಅಳೆಯುತ್ತಿರಬೇಕೆಂದು ಆದೇಶವಿತ್ತು. ಹದಿನಾಲ್ಕು ವರ್ಷದಿಂದ ಅಳೆಯುತ್ತಿದ್ದೆವು.

ನಾನು ಅಲ್ಲಿ ಪ್ರಥಮ ದರ್ಜೆ ಗುಮಾಸ್ತ, ಹೆಸರು ಅನಂತರಾಮು. ಟಿಪ್ಪಣಿ ಬರೆಯುವುದರಲ್ಲಿ ನನಗೆ ಹೆಸರಿತ್ತು. ಹೆಸರಿತ್ತು ಎಂದು ಹೇಳುತ್ತಿದ್ದವನು ಮುಖ್ಯವಾಗಿ ನಾನೇ. ಸಾಹೇಬರಾದ ಪಾರ್ಥಸಾರಥಿಗಳು ನನ್ನ ಟಿಪ್ಪಣಿಗಳನ್ನು ಓದದೆ ಸಹಿ ಮಾಡುತ್ತಿದ್ದರು. ಅದನ್ನು ನಾನು ಗೌರವವೆಂದು ತಿಳಿದಿದ್ದೆ.

ಸೀಸ ಬಿದ್ದುದನ್ನು ಬಂದು ಹೇಳಿದವನು ಚಾಲಕ ಮಾದಯ್ಯ. ಚಕ್ರ ಎಲ್ಲ ಕಡೆಯೂ ಒಂದೇ ತೂಕ ಇರುವುದಿಲ್ಲವಂತೆ. ಹಗುರವಾಗಿರುವ ಕಡೆ ಅಂಚಿಗೆ ಸೀಸದ ತುಂಡು ಸಿಕ್ಕಿಸಿ ಸರಿದೂಗಿಸಿರುತ್ತಾರೆ. ಅದು ಬಿದ್ದರೆ ಕಾರು ವೇಗ ಹಿಡಿದಾಗ ಸ್ಟೀರಿಂಗು ನಡುಗುತ್ತದೆ. ಸಾಹೇಬರು ಕಾರಿನಲ್ಲೇ ಕಾಗದಗಳಿಗೆ ಸಹಿ ಮಾಡುವವರಾದ್ದರಿಂದ, ಆ ವಾರ ಮಾಡಿದ ಹದಿನೆಂಟು ಸಹಿಗಳು ಹದಿನೆಂಟು ಜನರದ್ದಾಗಿ ಕಾಣುತ್ತಿದ್ದವು. ಹೊಸ ಸೀಸ ಬೇಕೆಂದು ಮೇಲಿನವರಿಗೆ ಬರೆಯಿರಿ ಎಂದರು.

ನಾನು ಬರೆದೆ. ನಾಲ್ಕೇ ಸಾಲಿನಲ್ಲಿ ವಿಷಯ ಮುಗಿದು ಹೋಯಿತು. ಪುಟದಲ್ಲಿ ಇನ್ನೂ ಜಾಗವಿತ್ತು, ಮನಸ್ಸಿನಲ್ಲಿ ಉತ್ಸಾಹವಿತ್ತು. ಕೊನೆಯಲ್ಲಿ ಒಂದು ವಾಕ್ಯ ಸೇರಿಸಿದೆ: "ಸದರಿ ವಾಹನವು ತನ್ನ ಆಯುಷ್ಯದ ಸಂಧ್ಯಾಕಾಲದಲ್ಲಿರುವಂತೆ ತೋರುತ್ತದೆ." ಇದರ ಅಗತ್ಯವೇನಿತ್ತು ಎಂದು ಕೇಳಿದರೆ, ಯಾವ ಅಗತ್ಯವೂ ಇರಲಿಲ್ಲ. ವಾಕ್ಯ ಚೆನ್ನಾಗಿತ್ತು. ಊಟಕ್ಕೆ ಹೋಗುವ ಮುಂಚೆ ಎರಡು ಸಲ ಓದಿಕೊಂಡೆ.

ಬೆಂಗಳೂರಿನಿಂದ ಎರಡೇ ವಾರದಲ್ಲಿ ಉತ್ತರ ಬಂತು. ಸೀಸದ ವಿಷಯ ಅದರಲ್ಲಿ ಇರಲಿಲ್ಲ. ವಾಹನವು ಸಂಧ್ಯಾಕಾಲದಲ್ಲಿದ್ದರೆ ಅದನ್ನು ಗುಜರಿಗೆ ಹಾಕುವ ಬಗ್ಗೆ ಸಮಿತಿಯೊಂದು ಬಂದು ಪರಿಶೀಲಿಸುವುದೆಂದೂ, ವಾಹನ ಹೋದರೆ ಚಾಲಕನ ಹುದ್ದೆಯೂ ಅದರೊಂದಿಗೆ ರದ್ದಾಗುವುದೆಂದೂ ತಿಳಿಸಿದ್ದರು. ಮಾದಯ್ಯನಿಗೆ ನಿವೃತ್ತಿಗೆ ಇನ್ನು ಎರಡು ವರ್ಷ ಇತ್ತು. ಈಗ ಮನೆಗೆ ಕಳಿಸಿದರೆ ಪೂರ್ತಿ ಪಿಂಚಣಿ ಸಿಗುತ್ತಿರಲಿಲ್ಲ. ಅವನು ಕಾಗದವನ್ನು ನನ್ನ ಕೈಲೇ ಓದಿಸಿಕೊಂಡ.

"ಅಯ್ನೋರೆ, ಕಾರು ನಡುಗ್ತದೆ ಅಂತ ಬರೀರಿ ಅಂದೆ. ಸಾಯೋ ಕಾಲ ಬಂದದೆ ಅಂತ ಯಾಕ್ ಬರುದ್ರಿ?"

ಅದು ಶೈಲಿ ಎಂದು ಹೇಳಿದೆ. ಅವನು ತಲೆಯಾಡಿಸಿದ. ಮಾದಯ್ಯ ಯಾವತ್ತೂ ಎದುರು ಮಾತನಾಡಿದವನಲ್ಲ. ಆ ದಿನ ನಾನು ಮಜ್ಜಿಗೆ ಅನ್ನವನ್ನು ಹಾಗೇ ಬಿಟ್ಟು ಎದ್ದೆ.

ಹೊರಟ ಕಡತವನ್ನು ಹಿಂದಕ್ಕೆ ಕರೆಸುವ ಪದ್ಧತಿ ಇಲ್ಲ. ಸಮಿತಿ ಬರುವುದರೊಳಗೆ ಕಾರಿನ ನಡುಕ ನಿಲ್ಲಿಸುವುದೊಂದೇ ದಾರಿ. ಹೊಸ ಸೀಸ ಕೊಡಿ ಎಂದು ಉಗ್ರಾಣಕ್ಕೆ ಬರೆದೆ, ಈ ಸಲ ನಾಲ್ಕೇ ಸಾಲು. ಹಳೆಯದನ್ನು ಒಪ್ಪಿಸಿದ ಮೇಲೆ ಹೊಸದನ್ನು ಕೊಡಲಾಗುವುದು ಎಂದು ಉತ್ತರ ಬಂತು. ಹಳೆಯದು ರಸ್ತೆಯಲ್ಲಿ ಬಿದ್ದುಹೋಗಿದೆ ಎಂದು ಬರೆದೆ. ಹಾಗಿದ್ದರೆ ಬಿದ್ದ ಸ್ಥಳದ ನಕ್ಷೆಯನ್ನು ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಕಳುಹಿಸಿ ಎಂದರು.

ಹೀಗಾಗಿ ಜುಲೈ ತಿಂಗಳಲ್ಲಿ ನಮ್ಮ ಇಡೀ ಕಚೇರಿ ಮೂರು ದಿನ ಮದ್ದೂರು–ಮಳವಳ್ಳಿ ರಸ್ತೆಯಲ್ಲಿ ತಲೆ ಬಗ್ಗಿಸಿಕೊಂಡು ನಡೆಯಿತು. ಸಾಹೇಬರು ಕೊಡೆ ಹಿಡಿದು ಮುಂದೆ, ನಾನು ಪುಸ್ತಕ ಹಿಡಿದು ಹಿಂದೆ, ಮಾದಯ್ಯ ಎಡಗಡೆ ಮೋರಿಯಲ್ಲಿ. ಕಚೇರಿ ಗುಡಿಸುವ ದೇವೀರಮ್ಮನನ್ನೂ ಕರೆದುಕೊಂಡು ಹೋಗಿದ್ದೆವು. ಅವಳು ನಲವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು, ಕಣ್ಣು ಮಾತ್ರ ಚುರುಕು. ಎರಡನೆಯ ದಿನ ಅವಳು ಸೊಂಟ ಹಿಡಿದುಕೊಂಡು ನಿಂತು, ಅಂಗಡಿಯಲ್ಲಿ ಸೀಸ ಸಿಗುವುದಿಲ್ಲವೇ ಎಂದು ಕೇಳಿದಳು. ಸಿಗುತ್ತದೆ, ಆದರೆ ಅದು ಬಿದ್ದ ಸೀಸವಾಗುವುದಿಲ್ಲ ಎಂದು ನಾನು ವಿವರಿಸಿದೆ. ಅವಳು ನನ್ನ ಮುಖವನ್ನೇ ನೋಡಿ ಮತ್ತೆ ಬಗ್ಗಿದಳು. ಮೂರು ದಿನದಲ್ಲಿ ಎತ್ತಿನ ಲಾಳ ಹನ್ನೆರಡು, ಕೊಡೆಯ ಹಿಡಿ ಒಂದು, ಹಿತ್ತಾಳೆ ಗುಂಡಿ ನಾಲ್ಕು ಸಿಕ್ಕವು. ಇವನ್ನೆಲ್ಲ ಪಟ್ಟಿ ಮಾಡಿ ಉಗ್ರಾಣಕ್ಕೆ ಕಳಿಸಿದೆವು. ಅವರು ಸ್ವೀಕೃತಿ ಕೊಟ್ಟರು.

ಮೂರನೆಯ ದಿನ ಸಂಜೆ ಮಳವಳ್ಳಿ ತಲುಪಿದಾಗ ಅಲ್ಲಿನ ಟೈರು ರಿಪೇರಿಯ ಕೆಂಪಸಿದ್ದಯ್ಯ ನಮ್ಮ ಕಾಲುಗಳನ್ನು ನೋಡಿ ಮರುಗಿದ. ಅವನು ಹಿಂದೆ ಮಿಲಿಟರಿ ಲಾರಿಗಳ ಕೆಲಸ ಮಾಡಿದವನು. ಸೀಸದ ಗೊಡವೆಯೇ ಬೇಡ, ಟ್ಯೂಬಿನೊಳಕ್ಕೆ ಒಂದು ಹಿಡಿ ಗಾಜಿನ ಮಣಿ ಸುರಿದರೆ ಸಾಕು ಎಂದ. ಸಾಹೇಬರು ಹೇಗೆ ಎಂದರು.

"ಸೀಸ ಒರಗಡೆ ಇರ್ತದೆ ಸ್ವಾಮಿ, ಅಳ್ಳ ಸಿಕ್ಕುದ್ರೆ ಬಿದ್ದೋಯ್ತದೆ. ಮಣಿ ಒಳ್ಗೇ ಇರ್ತವೆ. ಚಕ್ರ ತಿರುಗ್ತಿದ್ದಂಗೆ ಎಲ್ಲಿ ತೂಕ ಕಮ್ಮಿನೋ ಅಲ್ಲಿಗೆ ಅವೇ ಓಗಿ ಕೂತ್ಕತವೆ. ಯಾರೂ ಏಳ್ಬೇಕಾಗಿಲ್ಲ."

ಸಾಹೇಬರ ಮುಖ ಕಪ್ಪಿಟ್ಟಿತು. ಯಾವ ಆದೇಶವೂ ಇಲ್ಲದೆ, ಕೊರತೆ ಇರುವ ಕಡೆಗೆ ತಾವಾಗಿಯೇ ಹೋಗಿ ಕೆಲಸ ಮಾಡುವ ವಸ್ತುಗಳನ್ನು ಸರ್ಕಾರಿ ವಾಹನದಲ್ಲಿ ಇಟ್ಟುಕೊಳ್ಳಬಹುದೇ ಎಂಬುದು ಅವರ ಚಿಂತೆ. ಇಡೀ ಇಲಾಖೆಯಲ್ಲಿ ಅಂಥದ್ದು ಒಂದೂ ಇರಲಿಲ್ಲ. ಕೊನೆಗೆ ನಾನು ಒಂದು ಸಾಮಾನ್ಯ ಸ್ಥಳನಿಯುಕ್ತಿ ಆದೇಶ ತಯಾರಿಸಿದೆ: "ಮಣಿಗಳು ಚಕ್ರದ ಯಾವುದೇ ಭಾಗದಲ್ಲಿ ಕರ್ತವ್ಯ ನಿರ್ವಹಿಸಲು ಈ ಮೂಲಕ ಮುಂಗಡವಾಗಿ ಅನುಮತಿಸಲಾಗಿದೆ. ಚಕ್ರದಿಂದ ಹೊರಗೆ ಹೋಗತಕ್ಕದ್ದಲ್ಲ." ಸಾಹೇಬರಿಗೆ ನೆಮ್ಮದಿಯಾಯಿತು.

ಮುಂದಿನ ಪ್ರಶ್ನೆ, ಮಣಿ ಎಲ್ಲಿಂದ ತರುವುದು. ಅಂಗಡಿಯಲ್ಲಿ ತರಬಹುದೆಂದು ಮಾದಯ್ಯ ಹೇಳಿದ. ಅಂಗಡಿಯ ಮಣಿ ಅನುಮೋದಿತ ವಸ್ತುಗಳ ಪಟ್ಟಿಯಲ್ಲಿ ಇಲ್ಲ ಎಂದು ಅವನಿಗೆ ತಿಳಿಹೇಳಿದೆ. ಆ ಪಟ್ಟಿಯನ್ನು ನಾನು ನಾಲ್ಕು ದಿನ ಓದಿದೆ. ಮುನ್ನೂರ ಹದಿನಾರನೇ ಪುಟದಲ್ಲಿ ಒಂದೇ ಒಂದು ಮಣಿ ಸಿಕ್ಕಿತು: ಕರಿಮಣಿ, ಗಾಜಿನದು, ಒಂದು ಪೊಟ್ಟಣ. ಬಡ ಹೆಣ್ಣುಮಕ್ಕಳ ಸರಳ ವಿವಾಹ ಸಹಾಯ ಯೋಜನೆಯಡಿ ಅದನ್ನು ಉಚಿತವಾಗಿ ಕೊಡುತ್ತಿದ್ದರು. ಗಾಜಿನ ಮಣಿ ಗಾಜಿನ ಮಣಿಯೇ ಅಲ್ಲವೇ? ಇಷ್ಟು ಜಾಣತನ ಇನ್ನೂರ ಎಪ್ಪತ್ತು ರೂಪಾಯಿ ಮೂಲವೇತನಕ್ಕೆ ಹೆಚ್ಚಾಯಿತು ಎಂದು ನನಗೇ ಅನ್ನಿಸಿತು.

ಅರ್ಜಿಯ ನಮೂನೆ ಸ್ವಲ್ಪ ತೊಡಕಿನದಾಗಿತ್ತು, ಆದರೆ ಖಾಲಿ ಅಂಕಣ ಬಿಡುವುದು ನನ್ನ ಜಾಯಮಾನವಲ್ಲ. ವಧುವಿನ ಹೆಸರು ಎಂಬಲ್ಲಿ ಕಾರಿನ ನಂಬರು ಬರೆದೆ. ವಯಸ್ಸು ಹದಿನೆಂಟು, ಕಾರು ಐವತ್ತಾರನೇ ಇಸವಿಯದು. ಪೋಷಕರು ಪಾರ್ಥಸಾರಥಿ. ಬಣ್ಣ ಬೂದು. ವರನ ಹೆಸರು ಎಂಬಲ್ಲಿ ಅರ್ಧ ಗಂಟೆ ಯೋಚಿಸಿ, ಕಾರು ಯಾರದ್ದೋ ಅವರ ಹೆಸರನ್ನೇ ಬರೆಯುವುದು ಸರಿ ಎಂದು ತೋರಿ, "ಸರ್ಕಾರ" ಎಂದು ಬರೆದೆ. ವರನಿಗೆ ಮೊದಲೇ ಮದುವೆಯಾಗಿದೆಯೇ ಎಂಬುದಕ್ಕೆ "ಮಾಹಿತಿ ಇಲ್ಲ" ಎಂದೆ. ಅರ್ಜಿ ಹತ್ತು ದಿನದಲ್ಲಿ ಮಂಜೂರಾಯಿತು. ನನ್ನ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಂದು ಪ್ರಶ್ನೆಯೂ ಇಲ್ಲದೆ ಮಂಜೂರಾದ ಅರ್ಜಿ ಅದೊಂದೇ.

ಯೋಜನೆಯ ಸಾಮಗ್ರಿಯನ್ನು ಬಿಡಿಬಿಡಿಯಾಗಿ ಕೊಡುವಂತಿಲ್ಲವಾದ್ದರಿಂದ ಕರಿಮಣಿಯ ಜೊತೆಗೆ ಅರಿಶಿನದ ಕೊಂಬು, ಕುಂಕುಮದ ಭರಣಿ, ಒಂದು ಡಜನ್ ಹಸಿರು ಬಳೆ, ಒಂದು ರವಿಕೆ ಕಣ ಬಂದವು. ಎಲ್ಲವನ್ನೂ ಕಾರಿನ ಹೆಸರಿಗೆ ದಾಸ್ತಾನು ಪುಸ್ತಕಕ್ಕೆ ಏರಿಸಿದೆ. ಬಳೆಯನ್ನು ಹಿಂದಿನ ಸೀಟಿನ ಕೆಳಗೆ ಇಟ್ಟೆವು.

ಮಳವಳ್ಳಿಯಲ್ಲಿ ಕೆಂಪಸಿದ್ದಯ್ಯ ಪೊಟ್ಟಣ ಬಿಚ್ಚಿ ನೋಡಿದ. ಕಾಲಿನ ಚಪ್ಪಲಿ ತೆಗೆದಿಟ್ಟು, ಕೈ ತೊಳೆದುಕೊಂಡು, ಕಾರನ್ನು ಪೂರ್ವಕ್ಕೆ ತಿರುಗಿಸಿ ನಿಲ್ಲಿಸು ಎಂದು ಮಾದಯ್ಯನಿಗೆ ಹೇಳಿ, ಗಾಳಿ ತುಂಬುವ ತೂತಿನ ಮೂಲಕ ಒಂದೊಂದೇ ಚಿಟಿಕೆ ಕರಿಮಣಿಯನ್ನು ಟ್ಯೂಬಿನೊಳಕ್ಕೆ ಬಿಟ್ಟ. ವಾಪಸು ಬರುವಾಗ ಸ್ಟೀರಿಂಗು ಅಲುಗಲಿಲ್ಲ. ಸಾಹೇಬರು ಚಿಕ್ಕರಸಿನಕೆರೆ ಹತ್ತಿರ ಒಂದು ಸಹಿ ಮಾಡಿ ನೋಡಿದರು, ಅವರದ್ದೇ ಬಂತು. ಮಾದಯ್ಯ ಮಂಡ್ಯದಲ್ಲಿ ನನ್ನನ್ನು ಮನೆಯ ಮುಂದೆ ಇಳಿಸಿ, ಇನ್ನು ಯಾರೂ ಈ ಕಾರಿಗೆ ವಯಸ್ಸಾಯಿತು ಅನ್ನಲಾರರು ಅಲ್ಲವೇ ಎಂದು ಕೇಳಿದ. ಅನ್ನಲಾರರು ಎಂದು ನಾನು ಭರವಸೆ ಕೊಟ್ಟೆ.

ಮನೆಯಲ್ಲಿ ಈ ವಿಜಯವನ್ನು ನನ್ನ ಹೆಂಡತಿ ರಂಗನಾಯಕಿಗೆ ಹೇಳಿದೆ. ಅವಳು ಹಾಲು ಕಾಯಿಸುತ್ತಿದ್ದವಳು ಒಲೆ ಸಣ್ಣ ಮಾಡಿ ತಿರುಗಿದಳು.

"ಕರಿಮಣೀನ ಚಕ್ರದೊಳಗೆ ಹಾಕಿಸಿದೀರಿ ಸರಿ. ಶುಕ್ರವಾರ ಅದಕ್ಕೆ ಅರಿಶಿನ ಕುಂಕುಮ ಯಾರು ಕೊಡ್ತಾರೆ?"

ಶುಕ್ರವಾರ ಅವಳೇ ತಟ್ಟೆ ಹಿಡಿದುಕೊಂಡು ಕಚೇರಿಯ ಶೆಡ್ಡಿಗೆ ಬಂದಳು. ಮುಂದಿನ ಶುಕ್ರವಾರ ಸಾಹೇಬರ ಮನೆಯಿಂದ ಪಂಕಜಮ್ಮನವರು ಬಂದರು. ಮಾದಯ್ಯನ ಹೆಂಡತಿ ಇಂದ್ರಮ್ಮ ಮಲ್ಲಿಗೆ ತಂದಳು. ಅಮಾವಾಸ್ಯೆ ದಿನ ಕಾರು ತೆಗೆಯುವುದು ನಿಂತಿತು. ನವೆಂಬರಿನಲ್ಲಿ ನಾನು ಈ ಕೆಳಕಂಡ ಸುತ್ತೋಲೆ ಹೊರಡಿಸಬೇಕಾಯಿತು:

"ಪ್ರತಿ ಶುಕ್ರವಾರ ಬೆಳಿಗ್ಗೆ ಹತ್ತರಿಂದ ಹತ್ತೂಕಾಲು ಗಂಟೆಯವರೆಗೆ ಕಚೇರಿ ವಾಹನವು ಲಭ್ಯವಿರುವುದಿಲ್ಲ. ಈ ಅವಧಿಯಲ್ಲಿ ಸಾರ್ವಜನಿಕರು ಎಡ ಮುಂಚಕ್ರವನ್ನು ಮುಟ್ಟತಕ್ಕದ್ದಲ್ಲ. ಪ್ರಸಾದ ವಿನಿಯೋಗವು ಹುದ್ದೆಯ ದರ್ಜೆಗನುಗುಣವಾಗಿ ನಡೆಯುತ್ತದೆ."

ಇದೆಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ, ಎಪ್ಪತ್ತೈದನೇ ಇಸವಿ ಮಾರ್ಚಿನಲ್ಲಿ ಗುಜರಿ ಸಮಿತಿ ಬಂತು. ನಾವು ಮರೆತೇಬಿಟ್ಟಿದ್ದೆವು. ಮಾದಯ್ಯ ಮರೆತಿರಲಿಲ್ಲ, ಅವತ್ತು ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು ಎಂಟು ಗಂಟೆಗೇ ಬಂದು ಕಾರು ಒರೆಸುತ್ತಿದ್ದ.

ಸಮಿತಿಯಲ್ಲಿ ಇಬ್ಬರು. ಅಧ್ಯಕ್ಷರು ಕಸ್ತೂರಿರಂಗ ಎಂಬ ಹಿರಿಯ ಅಧಿಕಾರಿಗಳು, ತಾಂತ್ರಿಕ ಸದಸ್ಯರು ಸಿದ್ದರಾಜು ಎಂಬ ಎಂಜಿನಿಯರು. ಶಿವಪುರದವರೆಗೆ ಹೋಗಿ ಬಂದರು. ಮುಂದಿನ ಗಾಜಿನ ಹತ್ತಿರ ಇಟ್ಟ ಲೋಟದ ನೀರು ತುಳುಕಲಿಲ್ಲ. ಕಾರು ಚೆನ್ನಾಗಿದೆ ಎಂದು ಸಿದ್ದರಾಜು ಹೇಳಿದರು. ಮಾದಯ್ಯನ ಮುಖ ಅರಳಿತು. ಆಗ ಅಧ್ಯಕ್ಷರು ಕಡತ ತೆರೆದು, ಕಾರು ಚೆನ್ನಾಗಿದೆಯೇ ಎಂಬುದು ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲವೆಂದೂ, ಮೂಲ ಟಿಪ್ಪಣಿಯಲ್ಲಿ ಸಂಧ್ಯಾಕಾಲ ಎಂದಿರುವುದರಿಂದ ಒಂಬತ್ತು ತಿಂಗಳ ನಂತರ ಈಗ ರಾತ್ರಿಯೇ ಆಗಿರಬೇಕೆಂದೂ ಹೇಳಿದರು. ಯಾರು ಬರೆದದ್ದು ಇದು, ಬಹಳ ಚೆನ್ನಾಗಿದೆ ಎಂದು ನನ್ನ ಕಡೆ ನೋಡಿದರು. ಜೀವಮಾನವೆಲ್ಲ ಕಾದಿದ್ದ ಆ ಮೆಚ್ಚುಗೆ ಮಾದಯ್ಯನ ಎದುರಿಗೇ ಬಂತು. ಭೂಮಿ ಬಾಯಿ ಬಿಡಲಿಲ್ಲ. ಕಾರು ಸುಸ್ಥಿತಿಯಲ್ಲಿದೆ ಎಂದು ಕೂಡಲೇ ಬೇರೆ ಟಿಪ್ಪಣಿ ಬರೆದುಕೊಟ್ಟೆ. ಅಲಂಕಾರವಿಲ್ಲದ ಆ ಟಿಪ್ಪಣಿಯನ್ನು ಅವರು ಪಕ್ಕಕ್ಕಿಟ್ಟರು.

ಗುಜರಿ ಆದೇಶಕ್ಕೆ ಸಹಿ ಬೀಳುವುದೊಂದು ಬಾಕಿ ಇತ್ತು. ಸಿದ್ದರಾಜು ದಾಸ್ತಾನು ಪುಸ್ತಕ ತಿರುವಿ ಹಾಕುತ್ತಾ ಕರಿಮಣಿಯ ಹತ್ತಿರ ನಿಂತರು. ಯೋಜನೆಯ ಹದಿನಾಲ್ಕನೇ ನಿಯಮದಂತೆ, ಕೊಟ್ಟ ಕರಿಮಣಿಯನ್ನು ಮಾರುವಂತಿಲ್ಲ, ಹರಾಜು ಹಾಕುವಂತಿಲ್ಲ. ಆದ್ದರಿಂದ ಕಾರು ಗುಜರಿಗೆ ಹೋಗುವ ಮೊದಲು ಅದನ್ನು ಚಕ್ರದಿಂದ ತೆಗೆದು ಹಿಂದಿರುಗಿಸಬೇಕು. ಅದಕ್ಕೆ ಬೇರೆ ನಮೂನೆ ಇತ್ತು: "ಕರಿಮಣಿ ತೆಗೆದವರ ಹೆಸರು ಮತ್ತು ಸಹಿ."

ಮಳವಳ್ಳಿಯಿಂದ ಕೆಂಪಸಿದ್ದಯ್ಯನನ್ನು ಬಸ್ಸಿನಲ್ಲಿ ಕರೆಸಿದರು. ಹಾಕುವುದು ತನ್ನ ಕಸುಬು, ತೆಗೆಯುವುದಲ್ಲ ಎಂದು ಹೇಳಿ ಮುಂದಿನ ಬಸ್ಸಿಗೆ ಹೊರಟುಹೋದ. ಮಾದಯ್ಯನಿಗೆ ಹೇಳಿದರು. ಅವನು ಕೈ ಹಿಂದಕ್ಕೆ ಕಟ್ಟಿಕೊಂಡು ನೆಲ ನೋಡಿದ. ತಾಂತ್ರಿಕ ಸದಸ್ಯರು ನೀವೇ ಮಾಡಿ ಎಂದು ಅಧ್ಯಕ್ಷರು ಸೂಚಿಸಿದರೆ, ಸಿದ್ದರಾಜು ತಮ್ಮ ಹೆಂಡತಿಗೆ ಏಳು ತಿಂಗಳು ಎಂದರು. ಅಧ್ಯಕ್ಷರ ಮಗಳಿಗೆ ಮುಂದಿನ ತಿಂಗಳೇ ಮದುವೆ. ಸಾಹೇಬರು ಪಂಕಜಮ್ಮನವರನ್ನು ಕೇಳಿ ಬರುತ್ತೇನೆಂದು ಮನೆಗೆ ಹೋದವರು ಮಧ್ಯಾಹ್ನವಾದರೂ ಬರಲಿಲ್ಲ. ನನ್ನ ಮನೆಯಲ್ಲಿ ಏನನ್ನುತ್ತಾರೆ ಎಂಬುದು ಕೇಳದೆಯೇ ನನಗೆ ಗೊತ್ತಿತ್ತು.

ಆಗ ನನಗೊಂದು ಉಪಾಯ ಹೊಳೆಯಿತು. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೆ ಬರೆಯುತ್ತೇನೆ. ಈ ಉಪಾಯದಿಂದ ಮಾದಯ್ಯನ ನೌಕರಿ ಹೋಗುತ್ತದೆ ಎಂಬುದು ಆ ಕ್ಷಣ ನನ್ನ ತಲೆಗೆ ಬರಲಿಲ್ಲ. ಒಂದು ಅಂಕಣ ಖಾಲಿ ಇತ್ತು, ಅದನ್ನು ತುಂಬಬೇಕು, ಅಷ್ಟೇ. ನಮ್ಮ ದೇವೀರಮ್ಮ ವಿಧವೆ, ಅವಳಿಗೆ ಆಕ್ಷೇಪಣೆ ಇರಲಾರದು ಎಂದು ಅಧ್ಯಕ್ಷರ ಕಿವಿಯಲ್ಲಿ ಹೇಳಿದೆ. ಅವರು ನನ್ನ ಬೆನ್ನು ತಟ್ಟಿದರು.

ದೇವೀರಮ್ಮ ಪೊರಕೆ ಬಾಗಿಲಿಗೆ ಒರಗಿಸಿಟ್ಟು ಬಂದಳು. ಅಧ್ಯಕ್ಷರು ಅವಳಿಗೆ ನಿಯಮ ಓದಿ ಹೇಳಿದರು. ಮಾಡಬೇಕಾದ್ದು ಹೆಚ್ಚೇನಿಲ್ಲ, ಚಕ್ರದ ಗಾಳಿ ಬಿಟ್ಟು ಟ್ಯೂಬು ಕೊಡವಿದರಾಯಿತು ಎಂದರು. ಅವಳು ಎಲ್ಲವನ್ನೂ ಕೇಳಿದಳು. ಆಮೇಲೆ ಅವರನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ನನ್ ಕತ್ತಿಂದ ತಗ್ದಾಗ ಯಾವ ಕಮಿಟಿನೂ ಸೇರ್ನಿಲ್ಲ ಅಯ್ನೋರೆ. ಯಾರ್ ಕೈಲಿ ತಗ್ಸದು ಅಂತ ಒಬ್ರೂ ಯೋಚ್ನೆ ಮಾಡ್ನಿಲ್ಲ. ಇಬ್ರು ಇಡ್ಕಂಡ್ರು, ಒಬ್ಳು ಕಿತ್ತಾಕುದ್ಲು. ಕಾರ್ದು ತಗಿಯಕ್ಕೆ ನಿಮ್ಗೆಲ್ಲ ಕೈ ಬರಾಕಿಲ್ಲ, ಅಲ್ವ? ನಂಗೂ ಬರಾಕಿಲ್ಲ ಬುಡಿ."

ಪೊರಕೆ ತೆಗೆದುಕೊಂಡು ಹೋದಳು. ಅಂಗಳದಲ್ಲಿ ಗುಡಿಸುವ ಸದ್ದು ಕೇಳುತ್ತಿತ್ತು. ಸಿದ್ದರಾಜು ಪುಸ್ತಕ ಮುಚ್ಚಿದರು. ನಾನು ಟೇಬಲ್ಲಿನ ಮೇಲಿದ್ದ ಗುಂಡುಸೂಜಿಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಜೋಡಿಸಿಟ್ಟೆ. ದೇವೀರಮ್ಮನ ಹೇಳಿಕೆಯನ್ನು ದಾಖಲಿಸಬೇಕೇ ಎಂದು ಕೇಳಿದ್ದಕ್ಕೆ, ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲ ಎಂದು ಅಧ್ಯಕ್ಷರು ಹೇಳಿದರು. ಬಹಳ ಹೊತ್ತಿನ ಮೇಲೆ ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ:

"ಸದರಿ ವಾಹನದ ಕರಿಮಣಿ ತೆಗೆಯಲು ಅರ್ಹ ಸಿಬ್ಬಂದಿ ಲಭ್ಯವಿಲ್ಲದ ಕಾರಣ, ದಾಖಲೆಗಳ ಪ್ರಕಾರ ಅದರ ಪತಿಯಾದ ಸರ್ಕಾರವು ಅಸ್ತಿತ್ವದಲ್ಲಿರುವವರೆಗೆ ವಾಹನವನ್ನು ಗುಜರಿಗೆ ಹಾಕತಕ್ಕದ್ದಲ್ಲ. ಚಾಲಕನ ಹುದ್ದೆಯು ಅಲ್ಲಿಯವರೆಗೆ ಮುಂದುವರಿಯುತ್ತದೆ. ಶುಕ್ರವಾರದ ಕಾರ್ಯಕ್ರಮಕ್ಕೆ ಹೂವಿನ ವ್ಯವಸ್ಥೆಯನ್ನು ಕಚೇರಿಯೇ ಮಾಡತಕ್ಕದ್ದು."

ಎಲ್ಲರೂ ಸಹಿ ಮಾಡಿದರು. ಆದೇಶದ ಮೇಲೆ ಮೇಲಿನವರಿಂದ ಯಾವ ಆಕ್ಷೇಪಣೆಯೂ ಬರಲಿಲ್ಲ. ಬೇರೆ ಮೂರು ಜಿಲ್ಲೆಗಳು ಕರಿಮಣಿಯ ಅರ್ಜಿ ನಮೂನೆ ಕೇಳಿ ಪತ್ರ ಬರೆದವು. ನಾನು ವರನ ಅಂಕಣವನ್ನು ಹೇಗೆ ತುಂಬಬೇಕೆಂದು ವಿವರವಾಗಿ ಬರೆದು ಕಳಿಸಿದೆ. ಮಾದಯ್ಯ ಆದೇಶದ ಪ್ರತಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಅಂಗಳಕ್ಕೆ ಹೋಗಿ, ದೇವೀರಮ್ಮ ಸೇದುತ್ತಿದ್ದ ನೀರಿನ ಕೊಡವನ್ನು ಅವಳ ಕೈಯಿಂದ ತೆಗೆದುಕೊಂಡು ತಾನೇ ಹೊತ್ತು ತಂದಿಟ್ಟ.

ಆ ಶುಕ್ರವಾರ ಬೆಳಿಗ್ಗೆ ದೇವೀರಮ್ಮ ಎಂದಿನಂತೆ ಶೆಡ್ಡು ಗುಡಿಸಿ, ನೀರು ಚಿಮುಕಿಸಿ, ಚಕ್ರದ ಮುಂದೆ ರಂಗೋಲಿಗೆ ಜಾಗ ಮಾಡಿದಳು. ಹತ್ತು ಗಂಟೆಗೆ ಪಂಕಜಮ್ಮನವರೂ ರಂಗನಾಯಕಿಯೂ ತಟ್ಟೆ ಹಿಡಿದು ಗೇಟಿನಲ್ಲಿ ಬರುವುದು ಕಂಡು, ಶುಭಕಾರ್ಯಕ್ಕೆ ಎದುರಾಗಬಾರದೆಂದು ಶೆಡ್ಡಿನ ಹಿಂದಕ್ಕೆ ಹೋಗಿ ನಿಂತಳು. ಹೋಗು ಎಂದು ಅವಳಿಗೆ ಯಾರೂ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಕಾರಿಗೆ ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಆರತಿ ಎತ್ತಿದರು. ಕಿಟಕಿಯಿಂದ ನನಗೆ ಎರಡೂ ಕಡೆ ಕಾಣುತ್ತಿತ್ತು. ನನಗೆ ನಾಚಿಕೆಯಾಯಿತು. ಆಮೇಲೆ ಎದ್ದು ಹೋಗಿ, ಎಲ್ಲರ ಹಾಗೆ ಚಕ್ರಕ್ಕೆ ಕೈ ಮುಗಿದು, ನನ್ನ ದರ್ಜೆಗೆ ಬರುವಷ್ಟು ಕೋಸಂಬರಿ ಈಸಿಕೊಂಡು ಬಂದು ಕುಳಿತೆ. ಅದಕ್ಕೆ ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ಅದನ್ನು ಮಾತ್ರ ಸಂಜೆ ರಂಗನಾಯಕಿಗೆ ಹೇಳಿದೆ.